ಕಾಯಿಲ್ ಕಾಯಿಲೆ

ಆಕ್ಲೆಂಡಿನ ನಮ್ಮ ಮನೆಯಲ್ಲಿ ಗರಾಜು ನನ್ನದು, ಮಿಕ್ಕಿದ್ದೆಲ್ಲ ಇವಳದು. ಗರಾಜಿನಲ್ಲಿರುವುದು ಮಜ್ದಾ ಆರ್‌ಎಕ್ಸ್-7. ಎಂಜಿನ್ನಿನೊಳಗೆ ಪಿಸ್ಟನ್ ಇಲ್ಲ; ಎರಡು ತ್ರಿಕೋನದ ರೋಟರುಗಳು ಗಿರಗಿರ ತಿರುಗುತ್ತವೆ. ಗಾತ್ರ 1.3 ಲೀಟರ್.

"ನಮ್ಮಣ್ಣನ ಸ್ವಿಫ್ಟೂ 1.3 ಲೀಟರೇ ಕಣ್ರೀ. ಅದು ಶಿವಮೊಗ್ಗದಿಂದ ಧರ್ಮಸ್ಥಳಕ್ಕೆ ಹೋಗಿಬರುತ್ತೆ."

1991ರಲ್ಲಿ ಈ ಜಾತಿಯ ಎಂಜಿನ್ನೇ ಲೆ ಮಾನ್ಸ್‌ನ 24 ಗಂಟೆ ರೇಸು ಗೆದ್ದಿದ್ದು ಎಂದೆ.

"ಓಡಿಸಿದ್ದು ನೀವಲ್ಲವಲ್ಲ."

ಓಡಿಸಬಹುದು, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಯಾವುದೆಂಬುದೊಂದು ಗೊತ್ತಾಗಲಿ. ಕಂಪನಿಯ ಎರಡು ಟರ್ಬೊ ಕಿತ್ತು ದೊಡ್ಡದೊಂದನ್ನು ಕೂರಿಸಿದ್ದೇನೆ. ಟರ್ಬೊ ತುಂಬುವ ಒತ್ತಡ, ಅಂದರೆ ಬೂಸ್ಟ್, ಏರಿದಷ್ಟೂ ಒಳಗಿನ ಗಾಳಿ ದಟ್ಟವಾಗಿ, ಪ್ಲಗ್ಗಿನ ತುದಿಯ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಹಳೆಯ ಕಾಯಿಲ್‌ಗಳನ್ನು ನಂಬಿ ಹೊರಟಾಗ ಕಿಡಿ ತಪ್ಪಿ, ಸೈಲೆನ್ಸರ್ ಢಬ್ ಢಬ್ ಎಂದು ಬೀದಿಯ ನಾಯಿಗಳೆಲ್ಲ ಎದ್ದು ಕೂತವು.

ಊಟದ ಹೊತ್ತಿನಲ್ಲಿ ಎಂಜಿನ್ ಪಾಠ ಮಾಡಕೂಡದು ಎಂಬುದು ಮನೆಯ ಕಾನೂನು. ಆದರೂ ಸಾರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ತ್ರಿಕೋನ ಬರೆದೆ. ಮಾಮೂಲಿ ಎಂಜಿನ್ನಿನ ಪ್ಲಗ್ಗಿಗೆ ಶಾಫ್ಟ್‌ನ ಎರಡು ಸುತ್ತಿಗೊಂದು ಕಿಡಿ ಸಾಕು. ನನ್ನ ರೋಟರಿ ಎಂಜಿನ್ನಿನಲ್ಲಿ ಸುತ್ತಿಗೊಂದು ಬೇಕು. 8000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 133 ಕಿಡಿ, ನಡುವೆ ಬರೀ 7.5 ಮಿಲಿಸೆಕೆಂಡ್. ಅಷ್ಟರಲ್ಲೇ ಕಾಯಿಲ್ ಚಾರ್ಜ್ ಆಗಬೇಕು. ಒಂದೊಂದು ರೋಟರಿಗೆ ಎರಡೆರಡು ಪ್ಲಗ್; ಅದರಲ್ಲಿ ಮೊದಲನೆಯದಾದ ಲೀಡಿಂಗ್ ಪ್ಲಗ್ಗಿಗೆ ಕಂಪನಿಯ ಕಾಯಿಲ್ ಒಂದೇ ಎರಡೂ ರೋಟರಿಗೆ ದುಡಿಯುವುದರಿಂದ ಅದಕ್ಕೆ ಸಿಗುವುದು ಇದರಲ್ಲೂ ಅರ್ಧ ಹೊತ್ತು, ಬಿಡುವೇ ಇಲ್ಲ.

"ಪಾಪ, ಅದೂ ನನ್ನ ಹಾಗೇ" ಎಂದಳು, ಮೇಜಿನ ಸಾರು ಒರೆಸುತ್ತ.

ಆದ್ದರಿಂದ ನಾಲ್ಕು ಪ್ಲಗ್ಗಿಗೆ ನಾಲ್ಕು ಕಾಯಿಲ್. ಯಾವುದು ಎಂಬುದೇ ಪಂಚಾಯ್ತಿ. ಹೋಲ್ಡನ್ ವಿ8 ಕಾರುಗಳ ಎಲ್‌ಎಸ್ ಕಾಯಿಲ್ ಗುಜರಿಯಲ್ಲೇ ಸಿಗುತ್ತದೆ. ಗುಜರಿಯದು ಎಂದರೆ ನನಗೆ ನಾಚಿಕೆ, ಹೊಸದೆಂದರೆ ಇವಳಿಗೆ ಎದೆಬಡಿತ. ನಿಸಾನ್ ಜಿಟಿ-ಆರ್‌ನದು ಸಪೂರ, ಚೆಂದ; ಆದರೆ ಅದು ಪ್ಲಗ್ಗಿನ ನೆತ್ತಿಯ ಮೇಲೆ ಕೂರಲು ಹುಟ್ಟಿದ್ದು, ರೋಟರಿಯ ಪ್ಲಗ್ಗುಗಳಿರುವುದು ಪಕ್ಕೆಯಲ್ಲಿ. ಐಜಿಎನ್-1ಎ ಎಂಬ ಕಾಯಿಲ್ ಕಿಡಿಯ ಶಕ್ತಿಯಲ್ಲಿ 100 ಮಿಲಿಜೌಲ್ ದಾಟುವ ಪೈಲ್ವಾನ, ಮೈಯೂ ಹಾಗೇ, ಇಡಲು ಜಾಗವಿಲ್ಲ. ಯಾವುದಾದರೂ ಸರಿ, ಚಾರ್ಜಿನ ಹೊತ್ತು ಹೆಚ್ಚಾದರೆ ಕಾಯಿಲ್ ಸುಡುತ್ತದೆ, ಕಮ್ಮಿಯಾದರೆ ಕಿಡಿ ಸೊರಗುತ್ತದೆ. ರಾತ್ರಿ ಎಲ್‌ಎಸ್ ಎಂದು ಮಲಗಿದವನು ಬೆಳಿಗ್ಗೆ ಐಜಿಎನ್ ಎಂದು ಏಳುತ್ತಿದ್ದೆ.

ಈ ನಡುವೆ ನಮ್ಮ ಗ್ಯಾಸ್ ಒಲೆಯ ಗುಂಡಿ ತಿರುಗಿಸಿದರೆ ಕಿಡಿ ಹಾರುವುದು ಯಾವಾಗಲೋ ನಿಂತುಹೋಗಿದೆ. ಇವಳು ಬೆಂಕಿಕಡ್ಡಿ ಗೀರಿ ಹಚ್ಚುತ್ತಾಳೆ. ನಾನು ಅತ್ತ ತಲೆ ಹಾಕಿಲ್ಲ. ಅಲ್ಲಿ ಬೂಸ್ಟ್ ಇಲ್ಲ.

ಕಡೆಗೊಮ್ಮೆ ಧೈರ್ಯ ಮಾಡಿ ಐಜಿಎನ್-1ಎ ನಾಲ್ಕು ಎಂದು ಆರ್ಡರ್ ತುಂಬುತ್ತಿದ್ದೆ. ಇವಳು ಭುಜದ ಮೇಲಿಂದ ಬಗ್ಗಿ ನೋಡಿದಳು.

"ಐದು ಹಾಕಿ."

ನನಗೆ ಗಂಟಲು ಕಟ್ಟಿತು. "ಒಂದು ಸ್ಪೇರ್ ಇರಲಿ ಅಂತಾನಾ?"

"ಒಲೆಗೆ ರೀ."