ಲೆಕ್ಕದ ಪುಸ್ತಕದ ‘ಇತರೆ’

2023ರ ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ ನನ್ನವಳು ಘೋಷಿಸಿದಳು: “ಇನ್ನೊಂದು ವರ್ಷ ಮನೆಖರ್ಚು ತಿಂಗಳಿಗೆ 18,000. ಅದರ ಮೇಲೆ ಕಾಸೂ ಇಲ್ಲ.” ಬೆಲ್ಲ ಅವಳಿಗೆ, ಬೇವು ನನಗೆ.

ಮೊದಲ ಮೂರು ತಿಂಗಳು ಹೇಗೋ ತಳ್ಳಿದೆವು. ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು ನೋಡಿ, ನಮ್ಮ ಸಾರಿನಲ್ಲಿ ಹುಣಸೆಹಣ್ಣಿನ ಆಳ್ವಿಕೆ ಶುರು. ಒಂದು ದಿನ ತಟ್ಟೆಯಲ್ಲಿ ಕೆಂಪಗೆ ಏನೋ ಕಂಡು ಹಿಗ್ಗಿದೆ. ಬ್ಯಾಡಗಿ ಮೆಣಸಿನಕಾಯಿ! ಜೂನ್ 11ರಿಂದಲೇ ಸಾಮಾನ್ಯ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾಗಿತ್ತಲ್ಲ, ಮಾರ್ಕೆಟ್ಟಿಗೆ ಹೋಗುವ ಕೆಲಸವೂ ಅವಳದಾಯಿತು. ನಾನು ಹೋದರೆ ಟಿಕೆಟ್ ದುಡ್ಡು ದಂಡವಂತೆ. ಆ ವರ್ಷ ಬೆಲೆ ಇಳಿದ ಏಕೈಕ ಸರಕು ನಾನೇ ಇರಬೇಕು.

ಹಾಲು, ಬೇಳೆ, ಗ್ಯಾಸು ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಲೆಕ್ಕ. ನನ್ನ ದರ್ಶಿನಿಯ ಮಸಾಲೆ ದೋಸೆಗಳು ಮಾತ್ರ ‘ಇತರೆ’ ಎಂಬ ಕಾಲಂನಲ್ಲಿ ತಲೆಮರೆಸಿಕೊಂಡಿದ್ದವು. ವರ್ಷದ ಕೊನೆಗೆ ಕೂಡಿಸಿದರೆ ಬೇಳೆಗಿಂತ ‘ಇತರೆ’ಯೇ ಹೆಚ್ಚು! ಉಗುಳು ನುಂಗಿ ಕೂತೆ. ಆಶ್ಚರ್ಯ, ಅವಳು ಬೈಯಲಿಲ್ಲ. ಅದರಲ್ಲಿ ಅರ್ಧ ಅವಳ ಚೀಟಿಯ ಕಂತು ಎಂಬುದು ಆಮೇಲೆ ತಿಳಿಯಿತು.

ಮುಂದಿನ ಯುಗಾದಿಗೆ ಹೊಸ ನೋಟ್‌ಬುಕ್ ಬಂತು. ‘ಇತರೆ’ಗೆ ಎರಡು ಪುಟ ಬಿಟ್ಟಿದ್ದೇವೆ.