ಇಂಚಿಂಚೂ ಉಳಿತಾಯ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದೇ ತಡ, ರಾಯರಿಗೆ ಮಿತವ್ಯಯದ ಹುಚ್ಚು ಹಿಡಿಯಿತು.

‘55 ಇಂಚಿಂದು ತಗೊಂಡ್ರೆ ಭಾರಿ ಉಳಿತಾಯ ಕಣೇ.’

‘32 ಇಂಚಿಂದು ತಗೊಂಡ್ರೆ?’

‘ಅದಕ್ಕೆ ಮೊದಲೇ 18 ಇತ್ತು. ಒಂದು ಪೈಸೆ ಉಳಿಯಲ್ಲ!’

‘ಹಾಗಾದ್ರೆ ಕಮ್ಮಿ ಖರ್ಚು ಮಾಡಿದ್ರೆ ನಷ್ಟ ಅನ್ನಿ.’

ಅಂಗಡಿ ಹುಡುಗ ಟೇಪು ಎಳೆದ. ‘55 ಅನ್ನೋದು ಮೂಲೆಯಿಂದ ಮೂಲೆಗೆ ಮೇಡಂ. ಅಗಲ ನಾಲ್ಕಡಿ ಅಷ್ಟೆ. ಏಳಡಿ ದೂರ ಕೂತು ನೋಡಿದ್ರೆ ಚೆನ್ನ.’

‘ನಮ್ಮ ಹಾಲೇ ಎಂಟಡಿ. ಸೋಫಾನೇ ಮೂರಡಿ ನುಂಗುತ್ತೆ.’

‘ಬಾಗಿಲಾಚೆ ಕೂತ್ರಾಯ್ತು, ಗಾಳಿನೂ ಬರುತ್ತೆ,’ ಎಂದರು ರಾಯರು.

‘ದುಡ್ಡು?’

‘ಇಪ್ಪತ್ನಾಲ್ಕು ಕಂತು, ಬಡ್ಡಿಯಿಲ್ಲ.’

‘ಧಾರಾವಾಹಿಗೂ ಕಂತು, ಟಿವಿಗೂ ಕಂತು. ರೀ, ಯಾವುದು ಮೊದಲು ಮುಗಿಯುತ್ತೆ?’

‘ವಾರಂಟಿ ಮೇಡಂ,’ ಎಂದ ಹುಡುಗ.