ಹುಲಿಗಿ ಕ್ರಾಸಿನ ಕಲ್ಲಪ್ಪ

ಹುಣ್ಣಿಮೆಯ ಮರುದಿನ, ನಸುಕು. ಹುಲಿಗೆಮ್ಮನ ಭಕ್ತರ ಟ್ರ್ಯಾಕ್ಟರುಗಳು ಊರು ಸೇರಿವೆ. ಹೆದ್ದಾರಿಯ ಎಡಕ್ಕೆ, ಸರಿಯಾಗಿ ಬೈಕು ಹೋಗುವ ಜಾಗದಲ್ಲಿ, ಒಂದು ಕಲ್ಲು. ಒಂದು ಮಗ್ಗಲಿಗೆ ಟೈರಿನ ಕಪ್ಪು, ಇನ್ನೊಂದಕ್ಕೆ ಗ್ರೀಸು. ಬೈಕು ನಿಲ್ಲಿಸಿ ಮಾತಿಗೆ ಕೂತೆ.

ಕಲ್ಲಪ್ಪನವರೇ, ಇಲ್ಲೇನು ಮಾಡುತ್ತಿದ್ದೀರಿ?

ಡ್ಯೂಟಿ ರೀ. ರಾತ್ರಿ ಗಿಣಿಗೇರಾ ಕಡಿಂದ ಕಬ್ಬಿಣದ ಲೋಡು ಬಂತು, ಟೈರ್ ಪಂಕ್ಚರ್. ಕ್ಲೀನರ್ ನನ್ನ ಎತ್ತಿ ಹಿಂದಿನ ಗಾಲಿಗೆ ಕೊಟ್ಟ. ಅಲ್ಲಿಗೆ ನಾನ ಹ್ಯಾಂಡ್‌ಬ್ರೇಕು, ನಾನ ರಿಫ್ಲೆಕ್ಟರು, ನಾನ ಸೇಫ್ಟಿ ಆಫೀಸರು.

ಎಚ್ಚರಿಕೆಯ ತ್ರಿಕೋನ ಇರಲಿಲ್ಲವೇ?

ಸೀಟಿನ ಕೆಳಗ ಐತಿ. ಪ್ಲಾಸ್ಟಿಕ್ ಸುದ್ದಾ ಬಿಚ್ಚಿಲ್ಲ. ಎಫ್‌ಸಿ ಮಾಡಸಾಕ ಹೋದಾಗ ತೋರಸಾಕ ಬೇಕಲ್ರಿ.

ಫ್ಯಾಕ್ಟರಿಗಳಲ್ಲಿ ಸುರಕ್ಷತೆಗೆ ಬಹಳ ಮಹತ್ವವಂತೆ?

ಗೇಟಿನ ಒಳಗ ಹೌದ್ರಿ. ಹೆಲ್ಮೆಟ್ ಇಲ್ದವರನ್ನ ಬಿಡಂಗಿಲ್ಲ, ಬೂಟು ಬೇಕು, ಲಾರಿ ಇರುವಿ ಹಂಗ ಹೋಗಬೇಕು. ಗೇಟ್ ದಾಟಿದ ಮ್ಯಾಲ ಡ್ರೈವರ್ ಯಾರ ಮನುಷ್ಯ? ಫ್ಯಾಕ್ಟರಿ ಟ್ರಾನ್ಸ್‌ಪೋರ್ಟಿನವನ್ನ ತೋರಸತೈತಿ, ಅವ ಮಾಲಕನ್ನ ತೋರಸ್ತಾನ, ಮಾಲಕ ಹುಲಿಗೆಮ್ಮನ್ನ. ಅಮ್ಮನ ಮ್ಯಾಲ ಕೇಸ್ ಹಾಕಾಕ ಬರತೈತೇನ್ರಿ?

ಕಾನೂನು ಇದೆಯಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ತಾಸು ದುಡಿಮೆ, 5 ತಾಸಿಗೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಎಂದು 1961ರಲ್ಲೇ ಬರೆದರು.

ನಮ್ಮ ಮನೆತನದ ಹಿರಿಯರು ಕೊಪ್ಪಳದ ಗವಿಮಠದಾಗ, ಪಾಲ್ಕಿಗುಂಡಿನಾಗ ಅದಾರ. ಅವರ ಮೈಮ್ಯಾಲ ಅಶೋಕ ಶಾಸನ ಕೆತ್ತಿಸ್ಯಾನ. ದೊಡ್ಡವರಷ್ಟ ಅಲ್ಲ, ಸಣ್ಣವನೂ ಪ್ರಯತ್ನ ಮಾಡಿದ್ರ ಸ್ವರ್ಗ ಸಿಗತೈತಿ ಅಂತ. ಎರಡು ಸಾವಿರ ವರ್ಷ ದಾಟಿದ್ರೂ ಗವಿಮಠದಾಗಿನ ಅಕ್ಷರ ಅಳಿಸಿಲ್ಲ, ಓದಾವ್ರೂ ಇಲ್ಲ. ನಿಮ್ಮ ಕಾನೂನೂ ಹಂಗ. ನಿನ್ನಿ ಡ್ರೈವರಂತೂ ಪ್ರಯತ್ನ ಇಲ್ದನ ಸ್ವರ್ಗದ ಹಾದಿ ಹಿಡದಿದ್ದ. ಮೂರು ದಿನದಾಗ ನಾಕನೇ ಟ್ರಿಪ್ಪಂತ. ನಟ್ ಬಿಚ್ಚಕೋತ ಕುಂತಲ್ಲೇ ತೂಕಡಿಸಿದ, ಪಾನಾ ಜಾರಿ ನನ್ನ ನೆತ್ತಿ ಮ್ಯಾಲ ಬಿತ್ತು. ಅಷ್ಟರಾಗ ಫೋನು. "ಎಲ್ಲಿ ಬಂದಿ?" "ಹೊಸಪೇಟೆ ದಾಟೇನ್ರಿ" ಅಂದ. ಇನ್ನೂ ಹುಲಿಗಿಯಾಗ ಅದಾನ!

ಸುಧಾರಣೆ ಏನೂ ಇಲ್ಲವೇ? ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಮಾಡಿದ್ದಾರೆ.

ಚಲೋನ ಮಾಡ್ಯಾರ. ನಮ್ಮ ಬ್ಯಾಸಿಗ್ಯಾಗ ಇಂಜಿನ್ ಮಗ್ಗಲ ಕುಂತವಗ ಗೊತ್ತು ಅದರ ಬೆಲಿ. ಆದ್ರ ತಂಪಾದ ಮ್ಯಾಲ ಇನ್ನೊಂದು ಟ್ರಿಪ್ ಹೊಡೀಬಹುದು ಅಂತ ಮಾಲಕ ಆಗಲೇ ಲೆಕ್ಕ ಹಾಕ್ಯಾನ.

ಲಾರಿ ಹೋಯಿತು. ನೀವಿನ್ನೂ ರಸ್ತೆಯಲ್ಲೇ ಇದ್ದೀರಲ್ಲ?

ಟೈರ್ ಹಾಕಿದ್ರು, ಹೋದ್ರು. ಕೆಲಸ ಮುಗಿದ ಕಲ್ಲನ್ನ ಯಾರು ಎತ್ತತಾರ್ರೀ? ಆಗ ನಾನ ಸೇಫ್ಟಿ ಆಫೀಸರ್, ಈಗ ನಾನ ಆಕ್ಸಿಡೆಂಟು. ಆರಕ್ಕ ಶಿಫ್ಟ್ ಬಿಡತೈತಿ. ರಾತ್ರಿಪೂರ್ತಿ ನಿದ್ದಿಗೆಟ್ಟ ಹುಡುಗ್ರು ಬೈಕ್ ಮ್ಯಾಲ ಇದ ದಾರಿಗೆ ಮನಿಗೆ ಬರತಾರ. ಅಂದಂಗ ಸಾಹೇಬ್ರ, ನಿಮ್ಮ ಹೆಲ್ಮೆಟ್ ಯಾಕ ಕನ್ನಡಿಗೆ ನೇತಾಡಾಕ ಹತ್ತೈತಿ?

ಉತ್ತರ ಹುಡುಕುವಷ್ಟರಲ್ಲಿ ನನ್ನ ಫೋನೂ ರಿಂಗಣಿಸಿತು. ಸುದ್ದಿ ಡೆಸ್ಕಿನವರು. "ಎಲ್ಲಿ ಬಂದಿರಿ?"

"ಹೊಸಪೇಟೆ ದಾಟಿದೆ ಸರ್" ಅಂದೆ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೈಕಿಗೆ ಕಿಕ್ ಹೊಡೆದೆ.

ಮುನಿರಾಬಾದ್ ಹತ್ತಿರ ಬಂದಾಗ ನೆನಪಾಯಿತು, ಕಲ್ಲನ್ನು ಬದಿಗೆ ಸರಿಸಿರಲಿಲ್ಲ. ಗಡಿಯಾರ ನೋಡಿದೆ. ಆರಕ್ಕೆ ಹತ್ತು ನಿಮಿಷ.